ಒಂದೇ ಸಿಂಫನಿ, ಹದಿನೇಳು ಕೈ

ಭಾನುವಾರ ಬಂತೆಂದರೆ ಬ್ಯುನಸ್ ಐರಿಸ್‌ನ ನಿವೃತ್ತ ಗುಮಾಸ್ತ ದೊನ್ ಅನ್ಸೆಲ್ಮೊ ಎರಡೆರಡು ಸಲ ಸೋಪು ಹಚ್ಚಿ ಕೈ ತೊಳೆದು, ಇಸ್ತ್ರಿಯ ಅಂಗಿ ತೊಟ್ಟು, ತೀರಿಹೋಗಿ ಐವತ್ತು ವರ್ಷವಾದ ಯಾವನೋ ವಾದ್ಯವೃಂದದ ನಿರ್ದೇಶಕನನ್ನು ಮನೆಗೆ ಬರಮಾಡಿಕೊಳ್ಳುತ್ತಾರೆ. ಅಂದರೆ, ಹಳೆಯ ರೆಕಾರ್ಡು ಹಾಕುತ್ತಾರೆ. ಪಿಟೀಲುಗಳು ಎದ್ದವೋ ಇಲ್ಲವೋ, ಮಾಟೆ ಕಷಾಯ ಹೀರುವ ಕೊಳವೆಯೇ ಅವರ ಕೈಯಲ್ಲಿ ನಿರ್ದೇಶಕನ ಕೋಲಾಗುತ್ತದೆ. ಮೇಜುಬಟ್ಟೆಯ ತುಂಬ ಹಸಿರು ಕಲೆ. "ರೀ, ಒಂದೇ ಸಿಂಫನೀನ ಹದಿನೇಳು ಸಲ ಕೊಂಡಿದೀರಲ್ಲ, ಕೊನೇಲೇನಾದ್ರೂ ಬದಲಾಗತ್ತಾ?" ಎಂದು ಹೆಂಡತಿ ಹೆರ್ಮಿನಿಯಾ ಕೆಣಕಿದರೆ, "ಕೋಲು ಹಿಡಿದ ಕೈ ಬದಲಾಗತ್ತೆ ಕಣೇ" ಎನ್ನುತ್ತಾರೆ. ಆದರೆ ಅವರು ಬೀಗ ಹಾಕಿ ಇಟ್ಟಿರುವುದು ಆ ಘಟಾನುಘಟಿಗಳ ರೆಕಾರ್ಡನ್ನಲ್ಲ, ಊರಿನದೇ ವಾದ್ಯವೃಂದದ ಒಂದು ಸಾಧಾರಣ ರೆಕಾರ್ಡನ್ನು. ಅದರಲ್ಲಿ ಕೊಂಬು ಊದುವವನೊಬ್ಬ ಸರದಿಗೆ ಕಾಯದೆ ಮೊದಲೇ ನುಗ್ಗಿಬಿಡುತ್ತಾನೆ. ಮೊನ್ನೆ ರೆಕಾರ್ಡಿನಂಗಡಿಯ ರಮೀರೊ ಅದರ ಹೊಸ ಮುದ್ರಣ ತೆಗೆದಿಟ್ಟು, "ಆ ತಪ್ಪನ್ನ ಅಳಿಸಿ ಚೊಕ್ಕ ಮಾಡಿದಾರೆ, ದೊನ್ ಅನ್ಸೆಲ್ಮೊ!" ಎಂದು ಹಿಗ್ಗಿದ. ಯಾವ ರೆಕಾರ್ಡನ್ನೂ ಬೇಡವೆಂದು ಹೇಳಿ ಗೊತ್ತಿಲ್ಲದ ಅನ್ಸೆಲ್ಮೊ ಅದನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದರು. "ಬೇಡಪ್ಪ. ಅಷ್ಟು ಜನ ಒಟ್ಟಿಗೆ ನುಡಿಸ್ತಿರುವಾಗ, ಇದು ನಮ್ಮಪ್ಪನ ಕೊಂಬು ಅಂತ ನಂಗೆ ಗೊತ್ತಾಗೋದು ಅದೊಂದು ಕಡೆ ಮಾತ್ರ."