ಅಕ್ಕವ್ವ ಹಿಡಿದ ಕುಡಗೋಲು

ವಡಗಾವಿಯ ನಮ್ಮ ಓಣಿಯಲ್ಲಿ ಹಗಲೆಲ್ಲ ಮಗ್ಗಗಳ ಗದ್ದಲ. ಅದರೊಳಗೆ ಹೆಂಡತಿ ಅಕ್ಕವ್ವನನ್ನು ಹೊಡೆಯುವ ಸದ್ದು ಯಾರಿಗೂ ಕೇಳಿಸದು ಎಂದು ದುಂಡಪ್ಪ ತಿಳಿದಿದ್ದ. ಹುಚ್ಚ. ಹುಟ್ಟಿದಾಗಿನಿಂದ ಮಗ್ಗದ ಪಕ್ಕದಲ್ಲೇ ಮಲಗಿದವರಿಗೆ ಮಗ್ಗದ ಸದ್ದೊಂದೇ ಕೇಳಿಸುವುದಿಲ್ಲ, ಉಳಿದದ್ದೆಲ್ಲ ಕೇಳಿಸುತ್ತದೆ. ಗೋಡೆಯ ಈಚೆ ಮನೆಯವಳು ನಾನು. ಹೋಗಿ ಬಾಗಿಲು ಬಡಿದರೆ, "ನಮ್ಮ ಮನಿ ಮಾತು, ನಿಮಗ್ಯಾಕ್ ಬೇಕ್ರಿ ವೈನಿ?" ಎನ್ನುತ್ತಿದ್ದ.

ಹೊಡೆತಕ್ಕೆ ನೆಪ, ಮಗ ಗೌರೀಶ. ಹುಟ್ಟುವಾಗಲೇ ಅವನ ಮೂತ್ರದ ರಂಧ್ರ ತುದಿಯಲ್ಲಿರದೆ ಕೆಳಭಾಗದಲ್ಲಿತ್ತು. ಮೂರು ವರ್ಷದ ಕೂಸು ನಿಂತು ಉಚ್ಚೆ ಹೊಯ್ದರೆ ಕಾಲೆಲ್ಲ ಒದ್ದೆ. ಅಕ್ಕವ್ವ ಬಸುರಿಯಿದ್ದಾಗ ಗ್ರಹಣದ ಹೊತ್ತಿನಲ್ಲಿ ಕತ್ತರಿ ಹಿಡಿದು ನೂಲು ಕತ್ತರಿಸಿದ್ದಳು, ಅದಕ್ಕೇ ಕೂಸು ಹೀಗೆ ಹುಟ್ಟಿತು ಎಂಬುದು ದುಂಡಪ್ಪನ ವಾದ. ಸೀರೆ ಅಂದೇ ಮುಗಿಯಬೇಕೆಂದು ಅವಳನ್ನು ಮಗ್ಗಕ್ಕೆ ನಿಲ್ಲಿಸಿದವನು ಅವನೇ. ಅಕ್ಕವ್ವ ಒಮ್ಮೆ ಅದನ್ನು ನೆನಪಿಸಿದಳು. ಲಾಳಿಯಿಂದಲೇ ಬಾಯಿಗೆ ಹೊಡೆದ. ಮುಂದಿನ ಹಲ್ಲು ಹೋಯಿತು.

ಹಲ್ಲು ಹೋದ ವಾರವೇ ಅವಳು ಕೂಸನ್ನು ಎತ್ತಿಕೊಂಡು ಬೆಳಗಾವಿಯ ದೊಡ್ಡ ದವಾಖಾನೆಗೆ ಹೋದಳು. ಜೊತೆಗೆ ನಾನಿದ್ದೆ. ಡಾಕ್ಟರ್ ಕುಮುದಿನಿ ಕೂಸನ್ನು ನೋಡಿ, "ಆಪರೇಷನ್ ಮಾಡಿ ದಾರಿ ತುದಿತನಕ ತರ್ತೀವ್ರಿ. ಅಲ್ಲಿರೋ ಚರ್ಮಾನ ನಮಗ ಬೇಕು. ಸುತ್ತಮುತ್ತ ಗಾಯ, ಸುಟ್ಟಿದ್ದು ಏನರ ಆದ್ರ ಆಪರೇಷನ್ ಮಾಡಾಕ ಬರೂದಿಲ್ಲ," ಎಂದರು.

ದಿನ ಗೊತ್ತಾಯಿತು. ಅಷ್ಟರಲ್ಲಿ ಖಾನಾಪುರ ತಾಲ್ಲೂಕಿನ ಬೀಡಿ ಎಂಬ ಊರಿನಿಂದ ಅತ್ತೆ ಕಾಡವ್ವ ಫೋನ್ ಮಾಡಿ, ಮನೆದೇವರಿಗೆ ಕೂಸಿನ ತಲೆ ಮುಟ್ಟಿಸಿಕೊಂಡು ಹೋಗಿ ಎಂದಳು. ಅಕ್ಕವ್ವ ನಂಬಿ ಗಂಡನ ಜೊತೆ ಹೋದಳು. ಅಲ್ಲಿ ನಡೆದದ್ದನ್ನು ಅವಳೇ ನನಗೆ ಹೇಳಿದ್ದು.

ಒಲೆಯಲ್ಲಿ ಕುಡಗೋಲು ಕೆಂಪಗೆ ಕಾದಿತ್ತು. ಹೊಕ್ಕುಳ ಕೆಳಗೆ ಬರೆ ಹಾಕಿದರೆ ಗ್ರಹಣದ ದೋಷ ಸುಟ್ಟುಹೋಗುತ್ತದೆ, ಆಪರೇಷನ್ ಬೇಡವೇ ಬೇಡ ಎಂದು ತಾಯಿ ಮಗ ಮೊದಲೇ ಮಾತಾಡಿಕೊಂಡಿದ್ದರು. ದುಂಡಪ್ಪ ಚೀರುವ ಕೂಸನ್ನು ನೆಲಕ್ಕೆ ಒತ್ತಿ ಹಿಡಿದ. ಅಡ್ಡ ಬಂದ ಅಕ್ಕವ್ವನ ಹೊಟ್ಟೆಗೆ ಒದ್ದ. ಬಿದ್ದವಳು ಎದ್ದು, ಕಾಡವ್ವ ಕುಡಗೋಲು ಹಿಡಿದು ಕೂಸಿನ ಮೇಲೆ ಬಗ್ಗುವಷ್ಟರಲ್ಲಿ ಕಾದ ಅಲಗನ್ನೇ ಬರಿಗೈಯಲ್ಲಿ ಹಿಡಿದಳು. ಅಂಗೈ ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. ಬಿಡಲಿಲ್ಲ. ಕಸಿದುಕೊಂಡು, ಕೂಸನ್ನು ಒತ್ತಿದ್ದ ಗಂಡನ ತೋಳಿಗೇ ಅದನ್ನು ಒತ್ತಿದಳು. ಅವನು ಕೋಣನ ಹಾಗೆ ಒರಲಿ ಕೂಸನ್ನು ಬಿಟ್ಟ.

"ಗಂಡನ್ನ ಸುಟ್ಟಿಯಲ್ಲ ಹಾಟ್ಯಾನ ಮಗಳ," ಎಂದು ಬೈದಳು ಕಾಡವ್ವ.

"ಮುಂದ ಬಂದ್ರ ನಿಮ್ಮನ್ನೂ ಸುಡ್ತೀನ್ರಿ ಅತ್ತಿ."

ಅಷ್ಟು ಆದರೂ ಅತ್ತೆಗೆ ಕೊಡುವ ಮರ್ಯಾದೆ ಬಿಡಲಿಲ್ಲ ನೋಡಿ. ಕೇಳುತ್ತ ನನಗೆ ನಗು, ಅಳು ಎರಡೂ ಬಂದವು.

ಅಂದಿನಿಂದ ಅಕ್ಕವ್ವ, ಗೌರೀಶ ಇಬ್ಬರೂ ನಮ್ಮ ಮನೆಯಲ್ಲೇ ಇದ್ದರು. ದುಂಡಪ್ಪ ಒಂದು ಸಂಜೆ ಕುಡಿದು ಬಾಗಿಲು ಒದ್ದ. ನಾನು ಒನಕೆ ಹಿಡಿದು ಹೊರಗೆ ಬಂದೆ. ಮೊಣಕಾಲಿಗೆ ಒಂದು ಬಿದ್ದ ಮೇಲೆ ಹೋದ. ನನಗೆ ಅದರ ಬಗ್ಗೆ ಏನೂ ಬೇಸರವಿಲ್ಲ.

ಆಪರೇಷನ್ ಆಯಿತು. ಮೂತ್ರಕ್ಕೆ ಹಾಕಿದ್ದ ನಳಿಕೆ ತೆಗೆದ ದಿನ ಗೌರೀಶ ನಿಂತುಕೊಂಡು ಉಚ್ಚೆ ಹೊಯ್ದ. ಕಾಲಿಗೆ ಒಂದು ಹನಿಯೂ ಬೀಳಲಿಲ್ಲ. ಅಕ್ಕವ್ವ ಪಟ್ಟಿ ಕಟ್ಟಿದ ಕೈಯನ್ನು ಬಾಯಿಗೆ ಒತ್ತಿಕೊಂಡು ಅತ್ತಳು.

ಅಂದು ದುಂಡಪ್ಪನೂ ಕುಂಟುತ್ತ ಬಂದಿದ್ದ. ಇದು ಗ್ರಹಣದಿಂದ ಆದದ್ದೇ ತಾನೇ ಎಂದು ಡಾಕ್ಟರನ್ನು ಕೇಳಿದ.

"ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ರಿ," ಎಂದರು ಕುಮುದಿನಿ. "ಕೂಸು ಹೊಟ್ಯಾಗ ಬೆಳಿಯೂ ಮುಂದ ಹಂಗಾಗತೈತಿ. ಇದರಾಗ ತಾಯಿ ತಪ್ಪು ಏನೂ ಇಲ್ಲ."

ದುಂಡಪ್ಪನ ಮುಖ ಇಳಿಯಿತು. ಅಕ್ಕವ್ವನ ಮುಂದೆ ಬಂದು ಕೈಮುಗಿದ. "ನಿಂದೇನೂ ತಪ್ಪಿಲ್ಲದ ಹೊಡದೆ ನಿನಗ. ನಡಿ, ಮನಿಗೆ ಹೋಗೂಣು."

"ತಪ್ಪು ನಂದ ಇತ್ತು ಅಂತ ತಿಳ್ಕೋರಿ," ಎಂದಳು ಅವಳು. "ಆಗ ಹೊಡದದ್ದು ಬರೋಬರಿ ಆಗ್ತಿತ್ತೇನು?"

ಅಕ್ಕವ್ವ ಕೂಸನ್ನು ಎತ್ತಿಕೊಂಡು ನನ್ನ ಜೊತೆ ಹೊರಟಳು.