ಮೇಷ್ಟ್ರ ಕೈ ಅಚ್ಚಿನೊಳಗಿತ್ತು

ನನಗೆ ಚೀನೀ ಭಾಷೆ ಕಲಿಸಿದ ಮೇಷ್ಟ್ರ ಉಗುರಿನ ಸಂದಿಯಲ್ಲಿ ಗ್ರೀಸು ಕಪ್ಪು ಗೆರೆಯಾಗಿ ಕೂತಿರುತ್ತಿತ್ತು. ರಿಟೈರಾಗಿ ವರ್ಷಗಳಾದರೂ ಹೋಗಿರಲಿಲ್ಲ.

ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಚೀನಾದಿಂದ ಯಂತ್ರ ಕೂರಿಸಲು ಬಂದವರ ಜೊತೆ ದುಡಿಯುತ್ತಲೇ ಭಾಷೆ ಕಲಿತಿದ್ದರು. ಭಾನುವಾರ ಅಲ್ಲೇ ಜನ್ನಾಪುರದ ಅವರ ಮನೆಯಲ್ಲಿ ಪಾಠ. ನಾನು ಶಿವಮೊಗ್ಗದ ದುರ್ಗಿಗುಡಿಯಿಂದ ಬಸ್ಸು ಹಿಡಿದು ಹೋಗುತ್ತಿದ್ದೆ.

ಪುಸ್ತಕ ಇರಲಿಲ್ಲ. ಒಂದು ಬೋಲ್ಟು, ಎರಡು ವಾಷರು, ಒಂದು ನಟ್ಟು, ಕೊನೆಗೊಂದು ಲಾಕ್‌ನಟ್ಟು. “ಯಾರು, ಯಾವಾಗ, ಎಲ್ಲಿ, ಮಾಡೋದು, ಏನನ್ನ” ಎನ್ನುತ್ತಾ ಒಂದೊಂದೇ ಏರಿಸುತ್ತಿದ್ದರು. “ನಾನು ಇವತ್ತು ಮನೇಲಿ ಕುಡೀತೀನಿ ಟೀ. ಇದೇ ಚೀನಾದವರ ಸಾಲು.” ನಾನು ಕನ್ನಡದ ಚಾಳಿಯಲ್ಲಿ ಕುಡಿಯುವುದನ್ನು ಕೊನೆಗೆ ತಳ್ಳಿದರೆ ಎಲ್ಲ ಬಿಚ್ಚಿ ನನ್ನ ಕೈಗೇ ಕೊಡುತ್ತಿದ್ದರು. “ಎರಡು ಕೆಲಸ ಇದ್ರೆ ಮೊದ್ಲು ಆಗೋದನ್ನ ಮೊದ್ಲು ಹೇಳು ಮಾರಾಯ.”

ನನಗೆ ಸಾಲು ಹತ್ತಲಿಲ್ಲ, ಚೀನೀ ಸಿನಿಮಾ ಕೇಳಿ ಕೇಳಿ ಮಾತಿನ ರಾಗ ಹತ್ತಿತು. ಬಸ್ ಕಂಡಕ್ಟರನಿಂದ ಹಿಡಿದು ನನ್ನದೇ ಗೊರಕೆಯವರೆಗೆ ಎಲ್ಲವನ್ನೂ ಅಣಕಿಸುವವನು ನಾನು. ಮೇಷ್ಟ್ರ ಚೀನೀ ಮಾತ್ರ ಜನ್ನಾಪುರ ಬಿಟ್ಟು ಕದಲುತ್ತಿರಲಿಲ್ಲ. ಸಪಾಟಾಗಿ, ಲಾರಿಯಿಂದ ಕಬ್ಬಿಣ ಇಳಿಸಿದ ಹಾಗೆ, ಒಂದೊಂದೇ ಪದ. ಅದನ್ನೂ ಅವರೆದುರೇ ಅಣಕಿಸಿದೆ. ಅವರ ಕಿವಿ ಮಂದ. “ಜೋರಾಗಿ ಅಣಕ್ಸು, ಕೇಳ್ಲಿಲ್ಲ” ಅಂದರು.

ರಾಗದ ಬಲದಿಂದಲೇ ಶಿವಮೊಗ್ಗದ ಹೊರಗಿನ ಒಂದು ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಕಾಗದದ ತಟ್ಟೆ ಒತ್ತುವ ಚೀನಾ ಯಂತ್ರ. ಕೆಟ್ಟಾಗ ಆ ದೇಶದ ಎಂಜಿನಿಯರ್ ಜೊತೆ ಫೋನಿನಲ್ಲಿ ಮಾತಾಡುವುದು ನನ್ನ ಪಾಲು. ಒಂದು ಮಧ್ಯಾಹ್ನ, ಗಾಳಿಯ ಒತ್ತಡದಲ್ಲಿ ಏರಿಳಿಯುವ ಮೇಲಿನ ಅಚ್ಚು ಅರ್ಧಕ್ಕೇ ಸಿಕ್ಕಿಕೊಂಡಿತು. ಮಾಲೀಕರು ಮೇಷ್ಟ್ರನ್ನೇ ಕರೆಸಿದರು. ಅವರು ಕರೆಂಟು ತೆಗೆಸಿ ಅಚ್ಚಿನ ಕೆಳಗೆ ಮೊಣಕೈವರೆಗೆ ಕೈ ಹಾಕಿದರು. ಫೋನು ಅವರಿಗೆ ಕೇಳದು. ಅವರ ಕಿವಿ ನಾನು.

ನಾನು ಅಪ್ಪಟ ಚೀನೀ ರಾಗದಲ್ಲಿ ನಮಸ್ಕಾರ ಹೇಳಿದೆ. ಶೆಡ್ಡಿನವರು ಕಿಸಕ್ಕೆಂದರು. ಎಂಜಿನಿಯರ್ ನನ್ನನ್ನು ಭಾಷೆ ಬಲ್ಲವನೆಂದೇ ನಂಬಿ ಒಂದೇ ಉಸಿರಿಗೆ ಸುರಿದ. ಗಾಳಿ, ಬಿಡು, ಮರ, ಕೈ. ಇಷ್ಟೇ ಸಿಕ್ಕಿತು. ಯಾವುದು ಮೊದಲೋ ಗೊತ್ತಾಗಲಿಲ್ಲ.

“ಏನಂತೆ? ಗಾಳಿ ಬಿಡ್ಲಾ?” ಮೇಷ್ಟ್ರ ಇನ್ನೊಂದು ಕೈ ವಾಲ್ವಿನ ಮೇಲಿತ್ತು.

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಹೂಂ ಅಂದುಬಿಡುವುದು ಸುಲಭವಿತ್ತು. ಕಂಡವರ ದನಿಯೆಲ್ಲ ಜೋರಾಗಿ ಎತ್ತುತ್ತಿದ್ದವನು ಸ್ವಂತ ದನಿಯನ್ನು ಮಾತ್ರ ಮೆಲ್ಲಗೆ ಎತ್ತಿದೆ.

“ಅರ್ಥ ಆಗ್ಲಿಲ್ಲ” ಅಂದೆ.

“ಆಂ?” ಎಂದರು. ಬೆರಳು ವಾಲ್ವನ್ನು ಬಿಗಿಹಿಡಿಯಿತು.

“ಕೈ ತೆಗೀರಿ ಮೇಷ್ಟ್ರೇ. ನಂಗೆ ಅರ್ಥ ಆಗ್ಲಿಲ್ಲ.” ಕಿರುಚಿದ್ದೆ.

ಕೈ ಹೊರಗೆಳೆದುಕೊಂಡರು. “ನಿಧಾನಕ್ಕೆ ಹೇಳು ಅನ್ನು ಅವನಿಗೆ.” ಹೇಳಿದೆ, ಮೇಷ್ಟ್ರದೇ ಸಪಾಟು ದನಿಯಲ್ಲಿ. ಈಗ ಎಂಜಿನಿಯರ್ ಪದ ಬಿಡಿಸಿಟ್ಟ. ಮೊದಲು ಅಚ್ಚಿನಡಿ ಮರ ಕೊಡು, ಆಮೇಲೆ ಗಾಳಿ ಬಿಡು, ಆಮೇಲೆ ಕೈ.

ಮೇಷ್ಟ್ರು ಮರದ ದಿಮ್ಮಿ ಇಟ್ಟು ವಾಲ್ವ್ ತಿರುಗಿಸಿದರು. ಬುಸ್ಸೆಂದಿತು. ಅವರ ಕೈ ಇದ್ದಲ್ಲಿಗೇ ಅಚ್ಚು ಧಡಕ್ಕನೆ ಇಳಿಯಿತು. ದಿಮ್ಮಿ ಸೀಳಿಹೋಯಿತು.

ಸೀಳನ್ನು ಸವರಿ ನೋಡಿದರು. “ಅರ್ಥ ಆಗ್ಲಿಲ್ಲ ಅನ್ನಕ್ಕೆ ಇಷ್ಟು ಹೊತ್ತಾ? ಭಾನುವಾರ ಬೇಗ ಬಾ.”

ಹೋದ ವರ್ಷ ಮೇಷ್ಟ್ರು ತೀರಿಕೊಂಡರು, ಹತ್ತೂ ಬೆರಳಿನೊಂದಿಗೆ. ಅವರ ದನಿ ಮಾಡಿ ತೋರಿಸು ಎಂದು ಶೆಡ್ಡಿನವರು ಕೇಳುತ್ತಾರೆ. ತೋರಿಸುವುದಿಲ್ಲ. ಫೋನು ಬಂದಾಗ ಮಾತ್ರ ಅದೇ ದನಿಯಲ್ಲಿ ಶುರುಮಾಡುತ್ತೇನೆ: ನನಗೆ ಪೂರ್ತಿ ಬರುವುದಿಲ್ಲ, ನಿಧಾನಕ್ಕೆ ಹೇಳಿ.