ಹಿಪ್‌ಹಾಪ್ ಸಿಡಿಯಲ್ಲಿ ನನ್ನ ಮಗನ ಅಳು

ಗೆಳೆಯರೇ, ಗೋಕಾಕ, ಮೂಡಲಗಿ, ಹುಕ್ಕೇರಿಯ ಹುಡುಗರು ಕೂಡಿ ಮಾಡಿದ ಹಿಪ್‌ಹಾಪ್ ಸಿಡಿಯನ್ನು ಇವತ್ತು ಮಧ್ಯಾಹ್ನ ಕೇಳಿದೆ. ಹೊತ್ತಿಗೆ ಬಾರದ ಹುಕ್ಕೇರಿ ಬಸ್ಸನ್ನು ಒಂದೂ ಹೊಲಸು ಮಾತಿಲ್ಲದೆ ಇಷ್ಟು ಚೆಂದ ಬೈಯಬಹುದೆಂದು ನನಗೆ ಗೊತ್ತೇ ಇರಲಿಲ್ಲ.

ಮೂರನೆಯ ಹಾಡಿನ ನಡುವೆ ಮಗು ಚೀರಿತು. ತೊಟ್ಟಿಲಿಗೆ ಓಡಿದೆ. ಮಗ ಗಾಢ ನಿದ್ದೆಯಲ್ಲಿದ್ದ! ಅಳು ಬರುತ್ತಿದ್ದುದು ಸ್ಪೀಕರಿನಿಂದ. ನಮ್ಮ ಮನೆಯಲ್ಲೇ ರೆಕಾರ್ಡ್ ಮಾಡುವಾಗ ಅದೂ ಸೇರಿಕೊಂಡಿತ್ತಂತೆ.

ಆ ಹಾಡುಗಾರರಲ್ಲೊಬ್ಬನಾದ ನನ್ನ ಮೈದುನ ಹಲ್ಲುಕಿರಿದ. "ವೈನಿ, ಎಲ್ಲಾರೂ ಆ ಅಳೂದನ್ನs ಹೊಗಳಾಕತ್ತಾರ್ರಿ. ಮುಂದಿನ ಸಿಡಿಗೂ ಬೇಕು. ಒಂದೀಟು ಚಿವುಟ್ರಿ, ಅಳಲಿ."

"ಏ ನಿನ್ನ! ಮುಂಜಾನಿಂದ ತೂಗಿ ತೂಗಿ ಈಗ ಮಲಗಿಸೇನಿ. ಬೇಕಂದ್ರ ನಾನs ಅಳ್ತೇನಿ, ರೆಕಾರ್ಡ್ ಮಾಡ್ಕೋ."

ಅವನು ಖರೆಗೂ ಯೋಚಿಸಿದ. "ಬ್ಯಾಡ್ರಿ ವೈನಿ. ನಿಮ್ಮದು ತಾಳಕ್ಕ ಕೂಡೂದಿಲ್ಲ."

ಸಿಡಿಯ ಕವರಿನ ಮೇಲೆ ಮೂರೂ ಊರಿನ ಹುಡುಗರ ಹೆಸರಿದೆ, ಚಹಾ ಕೊಟ್ಟವನ ಹೆಸರೂ ಇದೆ, ನನ್ನ ಮಗನದಿಲ್ಲ. ಆದರೂ ತಪ್ಪದೆ ಕೇಳಿ. ನಮ್ಮ ಓಣಿಯಲ್ಲಿ ಮಾತ್ರ ಸಣ್ಣಗೆ ಹಾಕಿ, ಕಲಾವಿದರು ಮಲಗಿದ್ದಾರೆ.